ಅರ್ಥಶಾಸ್ತ್ರ ವಿಭಾಗದ ಒಂದು ಪುಟದ ಉತ್ತರ

ಮಾನ್ಯ ಓದುಗ ಮಹನೀಯರ ಸನ್ನಿಧಿಯಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತವೂ ನಂಬಿಕೆಗೆ ಅರ್ಹವಾದುದಲ್ಲ. ಕಾಲೇಜೊಂದರ ಕಚೇರಿಯಲ್ಲಿ ಬೆರಳಚ್ಚು ಯಂತ್ರದ ಮರೆಯಲ್ಲಿ ಕುಳಿತು ದಿನ ಕಳೆದ ಗುಮಾಸ್ತ ನಾನು. ಇದುವರೆಗೆ ಬರೆದದ್ದೆಲ್ಲವನ್ನೂ ಪ್ರಿನ್ಸಿಪಾಲರ ಪರವಾಗಿ ಬರೆದಿದ್ದೇನೆ. ನನ್ನ ಪರವಾಗಿ ಬರೆಯುತ್ತಿರುವುದು ಇದೇ ಮೊದಲು. ಅಕ್ಷರಗಳು ಅಲ್ಲಲ್ಲಿ ಸಾಲು ಬಿಟ್ಟು ಇಳಿದಿವೆ. ದಯಮಾಡಿ ಮನ್ನಿಸಬೇಕೆಂದು ಕೋರಿ ವಿಷಯಕ್ಕೆ ಬರುತ್ತೇನೆ.

ವಿಷಯವೆಂದರೆ ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಅಧ್ಯಾಪಕರು. ಅರ್ಥಶಾಸ್ತ್ರವನ್ನು ಓದಿದವರು ಬಹಳ ಜನ, ಬೋಧಿಸುವವರು ಸಾಕಷ್ಟು ಜನ. ಆದರೆ ಅದನ್ನು ನಿಜವೆಂದು ನಂಬಿ ಅದರಂತೆ ನಡೆಯಲು ಹೊರಟವರು ಇಡೀ ಪ್ರಪಂಚದಲ್ಲಿ ಇವರೊಬ್ಬರೇ ಎಂಬುದು ನನ್ನ ದೃಢವಾದ ಅನುಮಾನ! ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾಲೇಜಿನ ಹೆಸರನ್ನೂ ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳ ನಡುವೆ ಎಲ್ಲೋ ಒಂದು ಕಡೆ ಅದು ಇತ್ತು ಎಂದರೆ ಸಾಕು. ಕಾಲ, ಎಪ್ಪತ್ತರ ದಶಕದ ಕೊನೆ.

ನಮ್ಮ ಸೀಮೆಯ ಬಿಸಿಲು ಎಂಥದೆಂದು ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಊರಿನ ಜನರೆಲ್ಲ ಅಂಗಡಿಸಾಲಿನ ನೆರಳು ಹಿಡಿದು ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದರೆ ಇವರೊಬ್ಬರು ರಸ್ತೆಯ ನಟ್ಟನಡುವೆ, ಬರಿತಲೆಯಲ್ಲಿ, ಮೆರವಣಿಗೆ ಹೊರಟವರಂತೆ ಬರುತ್ತಿದ್ದರು.

“ಸರ್, ನೆರಳಿಗೆ ಬರ್ರಿ” ಎಂದು ನಾನು ಒಮ್ಮೆ ಕೂಗಿದೆ.

“ಈ ಹೊತ್ತಿನ್ಯಾಗ ನೆರಳಿಗೆ ಬೇಡಿಕಿ ಭಾಳ ಐತ್ರಿ. ಮುದುಕ್ರು, ಬಸುರ್ಯಾರು ಅದಾರ. ನನ್ನ ಪಾಲು ಅವರಿಗೆ ಬಿಟ್ಟುಕೊಟ್ಟೀನಿ” ಎಂದರು.

ಅವರು ಬಿಟ್ಟುಕೊಟ್ಟ ಪಾಲಿನಲ್ಲಿ ಆಗ ಒಂದು ಆಡು ಮಲಗಿತ್ತು!

ತರಗತಿಯಲ್ಲಿಯೂ ಇದೇ ಕಥೆ. ತಿಳಿಯದ್ದನ್ನು ತಿಳಿದಂತೆ ಬರೆಯುವುದೇ ಅರ್ಥಶಾಸ್ತ್ರದ ಮೊದಲ ರೋಗವೆಂದು ಅವರ ಅಭಿಪ್ರಾಯ. ಆದ್ದರಿಂದ ಕಿರುಪರೀಕ್ಷೆಯಲ್ಲಿ ‘ಗೊತ್ತಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದವರಿಗೆ ಪ್ರಶ್ನೆಯೊಂದಕ್ಕೆ ಅರ್ಧ ಅಂಕವನ್ನು ಕೊಡುವುದಾಗಿ ಪ್ರಕಟಿಸಿದರು. ನಮ್ಮ ವಿದ್ಯಾರ್ಥಿಗಳೇನು ದಡ್ಡರೇ? ಒಂಬತ್ತೂ ಜನ ಹತ್ತೂ ಪ್ರಶ್ನೆಗಳಿಗೆ ಒಂದೇ ಉತ್ತರವನ್ನು ಬರೆದು ಹತ್ತು ನಿಮಿಷದಲ್ಲಿ ಎದ್ದು ಹೋದರು. ಬೇರೆಯವರಾಗಿದ್ದರೆ ಪತ್ರಿಕೆಗಳನ್ನು ಹರಿದು ಹಾಕುತ್ತಿದ್ದರು. ಇವರು ಒಬ್ಬೊಬ್ಬರನ್ನೂ ಕರೆದು, ಪ್ರತಿಯೊಂದು ಪ್ರಶ್ನೆಯನ್ನೂ ಬಾಯಲ್ಲಿ ಕೇಳಿ, ನಿಜವಾಗಿಯೂ ಗೊತ್ತಿಲ್ಲವೇ ಎಂದು ಎರಡು ದಿನ ತನಿಖೆ ನಡೆಸಿದರು. ಕೊಟ್ಟೂರಿನ ಕಡೆಯ ಒಬ್ಬ ವಿದ್ಯಾರ್ಥಿಗೆ ಎರಡು ಉತ್ತರಗಳು ಗೊತ್ತಿದ್ದವೆಂಬುದು ಆಗ ಬಯಲಾಯಿತು. ಸುಳ್ಳು ಬರೆದನೆಂದು ಅವನ ಅಂಕ ಕಡಿತವಾಯಿತು! ಇಡೀ ತರಗತಿಯಲ್ಲಿ ಅತಿ ಹೆಚ್ಚು ತಿಳಿದವನೇ ಅತಿ ಕಡಿಮೆ ಅಂಕವನ್ನು ಪಡೆದ ಆ ಪಟ್ಟಿಯನ್ನು ಬೆರಳಚ್ಚು ಮಾಡಿದವನು ನಾನೇ.

ಇಂಥವರ ಮುಂದೆ ಒಂದು ದಿನ ನಾನು ವಿಶ್ವವಿದ್ಯಾಲಯದ ಸುತ್ತೋಲೆಯನ್ನು ಇಡಬೇಕಾಗಿ ಬಂತು.

ಸುತ್ತೋಲೆಯಲ್ಲಿ ಎರಡು ಪ್ಯಾರಾಗಳಿದ್ದವು. ಮೊದಲನೆಯದರ ಸಾರಾಂಶ: ‘ತಮ್ಮ ವಿಭಾಗದ ವಿದ್ಯಾರ್ಥಿಯು ಪದವಿ ಪಡೆಯುವ ವೇಳೆಗೆ ಗಳಿಸಿರಬೇಕಾದ ಕೌಶಲ್ಯಗಳು ಹಾಗೂ ಮೌಲ್ಯಗಳು ಯಾವುವು? ಒಂದು ಪುಟಕ್ಕೆ ಮೀರದಂತೆ ಹದಿನೈದು ದಿನಗಳೊಳಗಾಗಿ ಉತ್ತರಿಸತಕ್ಕದ್ದು.’ ಎರಡನೆಯದರ ಸಾರಾಂಶ: ‘ಹತ್ತಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ವಿಭಾಗಗಳನ್ನು ಮುಂದುವರಿಸುವ ಅಥವಾ ಮುಚ್ಚುವ ಬಗ್ಗೆ ಸದರಿ ಉತ್ತರವನ್ನು ಪರಿಶೀಲಿಸಿ ತೀರ್ಮಾನಿಸಲಾಗುವುದು.’

ಹತ್ತಕ್ಕಿಂತ ಕಡಿಮೆ ಇದ್ದದ್ದು ಒಂದೇ ವಿಭಾಗ. ಅದರಲ್ಲಿ ವಿದ್ಯಾರ್ಥಿಗಳು ಒಂಬತ್ತು, ಅಧ್ಯಾಪಕರು ಒಬ್ಬರು, ಅವರೂ ತಾತ್ಕಾಲಿಕ. ವಿಭಾಗ ಮುಚ್ಚಿದರೆ ಮರುದಿನದಿಂದ ಅವರಿಗೆ ಕೆಲಸವಿಲ್ಲ. ಬಾಡಿಗೆಯ ಮನೆಯಲ್ಲಿ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು; ಕೋಗಳಿಯಲ್ಲಿ ತಂದೆಯವರ ಕಾಲದ ಒಂದು ತುಂಡು ಹೊಲ.

ಉಳಿದ ವಿಭಾಗಗಳಿಂದ ಅಂದೇ ಸಂಜೆಯೊಳಗೆ ಉತ್ತರಗಳು ಬಂದವು. ಇತಿಹಾಸದವರು ಚಹಾ ಕುಡಿಯುತ್ತಲೇ ಬಾಯಲ್ಲಿ ಹೇಳಿ ಬರೆಸಿದರು. ರಾಜ್ಯಶಾಸ್ತ್ರದವರು, “ಹ್ವಾದ ಸಲದ್ದ ಹಾಕಿ ಕಳಸ್ರಿ” ಎಂದರು. ಹೋದ ಸಲ ಎಂಬುದೇ ಇರಲಿಲ್ಲವೆಂದು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅರ್ಥಶಾಸ್ತ್ರದವರು ಮಾತ್ರ ಸುತ್ತೋಲೆಯನ್ನು ಮೂರು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

“ಎಷ್ಟು ದಿನ ಟೈಮ್ ಕೊಟ್ಟಾರ?”

“ಹದಿನೈದು ದಿನ ಸರ್.”

“ಹದಿನೈದು ವರ್ಷದ ಕೆಲಸ ಇದು! ಇಂಥಾ ಚೊಲೊ ಪ್ರಶ್ನಿ ನನಗ ಯಾರೂ ಕೇಳಿದ್ದಿಲ್ಲ ನೋಡ್ರಿ.”

“ಸರ್, ಎರಡನೇ ಪ್ಯಾರಾ…” ಎಂದು ನಾನು ಬೆರಳು ತೋರಿಸಿದೆ.

“ನೋಡೀನ್ರಿ. ಎರಡನೇದು ನನಗ ಸಂಬಂಧಪಟ್ಟದ್ದು, ಮೊದಲನೇದು ಹುಡುಗರಿಗೆ ಸಂಬಂಧಪಟ್ಟದ್ದು. ಮೊದಲು ಮೊದಲನೇದು ಮುಗಸೋಣ” ಎಂದು ಎದ್ದು ಹೋದರು.

ಇಂಥವರಿಗೆ ಏನು ಹೇಳುವುದು? ಆ ಕಡತದ ಜವಾಬ್ದಾರಿಯನ್ನು ಪ್ರಿನ್ಸಿಪಾಲರು ನನಗೇ ಒಪ್ಪಿಸಿ, ಮಗಳ ಮದುವೆಗೆಂದು ರಜೆಯ ಮೇಲೆ ತೆರಳಿದ್ದರು.

ಮೂರನೆಯ ದಿನ ಸಂತೆ. ಮಧ್ಯಾಹ್ನ ಅವರು ಕಚೇರಿಗೆ ಬಂದು, “ಬರ್ರಿ, ಸಾಕ್ಷಿ ಬೇಕು” ಎಂದು ನನ್ನನ್ನು ಎಬ್ಬಿಸಿಕೊಂಡು ಹೋದರು. ಅವರ ಜೇಬಿನಲ್ಲಿ ದರ್ಜಿಯಿಂದ ಕೇಳಿ ತಂದ ಅಳತೆಯ ಟೇಪು ಇತ್ತು. ಹೋಗಿ ನಿಂತದ್ದು ಹಡಗಲಿಯ ಮಲ್ಲಿಗೆ ಮಾರುವ ಇಬ್ಬರು ಹೆಂಗಸರ ಮುಂದೆ. ಒಬ್ಬಳು ಎತ್ತರದ ಹೆಂಗಸು, ಇನ್ನೊಬ್ಬಳು ಗಿಡ್ಡನೆಯ ಅಜ್ಜಿ. ಇಬ್ಬರದೂ ಮೊಳಕ್ಕೆ ಒಂದೇ ದರ. ಮೊಳವೆಂದರೆ ಮಾರುವವರ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆ. ಎಂದ ಮೇಲೆ ಉದ್ದ ಕೈಯವಳ ಹತ್ತಿರ ಕೊಳ್ಳುವುದೇ ಲಾಭ. ಆದರೆ ಜನರೆಲ್ಲ ಮುತ್ತಿದ್ದು ಗಿಡ್ಡ ಅಜ್ಜಿಯ ಬುಟ್ಟಿಯನ್ನು!

ನಮ್ಮವರು ನೇರವಾಗಿ ಹೋಗಿ ಅಜ್ಜಿಯ ಮೊಣಕೈಗೆ ಟೇಪು ಹಿಡಿದರು.

“ಏನೋ ಮಾಸ್ತರ, ನನ್ನ ಕೈ ಅಳೀತಿ? ಈ ವಯಸ್ಸಿನ್ಯಾಗ ನನಗ ಬಳಿ ಇಡಸ್ತೀಯೇನು?”

ಸುತ್ತ ನಿಂತಿದ್ದವರು ಗೊಳ್ಳೆಂದು ನಕ್ಕರು. ಎತ್ತರದ ಹೆಂಗಸು, “ಅಜ್ಜಿ, ಬಿಡಬ್ಯಾಡ, ಡಜನ್ ತರಾಕ ಹೇಳು!” ಎಂದಳು. ಅಧ್ಯಾಪಕರು ಮಾತ್ರ ಸ್ವಲ್ಪವೂ ವಿಚಲಿತರಾಗದೆ ಅಳತೆಯನ್ನು ಬರೆದುಕೊಂಡು, ಆಮೇಲೆ ಎರಡು ಗಂಟೆಯ ಕಾಲ ಅಲ್ಲೇ ನಿಂತು ನೋಡಿದರು. ಅಜ್ಜಿ ಮೊಳ ಅಳೆದು ಮುಗಿದ ಮೇಲೆ, ಬೇರೆ ಎಲ್ಲೋ ನೋಡುತ್ತ, ನಾಲ್ಕು ಬೆರಳಿನಷ್ಟು ಹೆಚ್ಚಿಗೆ ಬಿಟ್ಟು ಹರಿದುಕೊಡುತ್ತಿದ್ದಳು. ಕೊಸರು! ಆ ಕೊಸರನ್ನು ಸೇರಿಸಿ ಅಳೆದರೂ ಅವಳ ಮಾಲೆ ಎತ್ತರದವಳ ಮೊಳಕ್ಕಿಂತ ಎರಡು ಬೆರಳು ಕಡಿಮೆಯೇ.

“ನೋಡಿದ್ರ್ಯಾ? ಕಡಿಮಿ ತಗೊಂಡು ಹೆಚ್ಚು ಸಿಕ್ತು ಅಂತ ನಕ್ಕೊಂತ ಹೊಂಟಾರ! ಇದು ಯಾವ ಪುಸ್ತಕದಾಗ ಐತಿ ಹೇಳ್ರಿ?”

ಮರುದಿನ ಅವರ ಮೊದಲನೆಯ ಕರಡು ನನ್ನ ಮೇಜಿಗೆ ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು: ‘ವಿದ್ಯಾರ್ಥಿಯು ಕೇಳದೆಯೇ ಕೊಸರು ಪಡೆಯುವ ಕೌಶಲ್ಯವನ್ನು ಗಳಿಸಿರಬೇಕು.’

“ಸರ್, ಇದನ್ನ ವಿಶ್ವವಿದ್ಯಾಲಯಕ್ಕ ಕಳಿಸಬೇಕ್ರಿ?” ಎಂದು ನಾನು ಬೆವರು ಒರೆಸಿಕೊಂಡೆ.

“ಈಗ ಬ್ಯಾಡ. ಮೊದಲು ಪರೀಕ್ಷಿ ಮಾಡೋಣ” ಎಂದರು.

ಮುಂದಿನ ಸಂತೆ ಬರುವತನಕ ಅವರಿಗೆ ತಾಳ್ಮೆ ಎಲ್ಲಿಂದ ಬರಬೇಕು? ಬಸ್ ಹತ್ತಿಸಿ ಒಂಬತ್ತೂ ಜನರನ್ನು ಪಕ್ಕದ ಊರಿನ ಸಂತೆಗೆ ಕರೆದೊಯ್ದರು. ಬಾಯಿಬಿಟ್ಟು ಕೇಳದೆ ಒಬ್ಬೊಬ್ಬರೂ ಒಂದು ಕೊಸರನ್ನು ತರಬೇಕೆಂಬುದು ಪರೀಕ್ಷೆ. ಒಬ್ಬ ಹಿಡಿ ಹಸಿಮೆಣಸಿನಕಾಯಿ ತಂದ. ಒಬ್ಬ ಕರಿಬೇವಿನ ಎಸಳು ತಂದ. ಇನ್ನೊಬ್ಬ ಮೂರು ಉಂಡೆ ಬೆಲ್ಲವನ್ನೇ ತಂದ.

“ಲೇ, ಖರೇ ಹೇಳು. ಕೇಳಿದ್ಯೋ ಇಲ್ಲೋ?”

“ಕೇಳಿಲ್ರಿ ಸರ್. ಸುಮ್ನ ನಿಂತಿದ್ದೆ.”

“ಹೆಂಗ ನಿಂತಿದ್ದಿ? ನಿಂತು ತೋರಿಸು.”

ಅವನು ಕೊರಳನ್ನು ಒಂದು ಕಡೆಗೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ ನಿಂತು ತೋರಿಸಿದ. ನೋಡುತ್ತಿದ್ದ ಅಧ್ಯಾಪಕರ ಕೈ ತಾನಾಗಿಯೇ ಜೇಬಿಗೆ ಹೋಗಿ ಒಂದು ಪೆಪ್ಪರಮಿಂಟನ್ನು ಹೊರತೆಗೆಯಿತು!

ಕೊನೆಗೆ ಬಂದವಳು ಹನುಮಕ್ಕ, ತರಗತಿಯ ಏಕೈಕ ವಿದ್ಯಾರ್ಥಿನಿ. ಹಿರೇಹಡಗಲಿಯವಳು, ಅವಳ ತಾಯಿ ಬದನೆಕಾಯಿ, ಸೊಪ್ಪು ಹೊತ್ತು ಸಂತೆ ಮಾಡುವವಳು. ಅವಳ ಕೈ ಖಾಲಿ ಇತ್ತು.

“ಯಾಕವ್ವ, ಯಾರೂ ಕೊಡ್ಲಿಲ್ಲೇನು?”

“ಕೊಡಾಕ ಬಂದ್ರು ಸರ್. ನಾನ ಒಲ್ಲೆ ಅಂದೆ. ಮಾರೋರ ಮನ್ಯಾಕಿ ನಾನು. ಸಂಜಿಗೆ ಬುಟ್ಟಿ ಕೊಡವಿದಾಗ ನಮ್ಮವ್ವ ‘ಇವತ್ತು ಕೊಸರಿನ್ಯಾಗ ನಮ್ಮ ಪಲ್ಯ ಹೋತು’ ಅಂತಾಳ. ಅದು ನೆಪ್ಪಾತು.”

ಇದೆಲ್ಲ ವಿದ್ಯಾರ್ಥಿಗಳು ಆಮೇಲೆ ನನಗೆ ಹೇಳಿದ್ದು. ಮರುದಿನ ಅಧ್ಯಾಪಕರು ಕಚೇರಿಗೆ ಬಂದು ಕರಡನ್ನು ಕೇಳಿ ಪಡೆದು ನಾಲ್ಕು ತುಂಡು ಮಾಡಿದರು. “ತಗೊಳ್ಳೋರನ್ನಷ್ಟ ನೋಡಿದ್ನಿ. ಕೊಡಾಕಿ ಮನ್ಯಾಗ ಏನಾಗತೈತಿ ಅಂತ ನೋಡ್ಲೇ ಇಲ್ಲಲ್ರಿ! ಇಪ್ಪತ್ತು ವರ್ಷದ ಹುಡುಗಿ ನೋಡ್ಯಾಳ.”

ಇದು ಏಳನೆಯ ದಿನದ ಮಾತು. ನನಗೆ ಊಟ ರುಚಿಸದಂತಾಗಿತ್ತು.

ಎಂಟನೆಯ ದಿನ ಸೀಮೆಎಣ್ಣೆಯ ಪ್ರಕರಣ ನಡೆಯಿತು. ಆ ಕಾಲದಲ್ಲಿ ನ್ಯಾಯಬೆಲೆ ಅಂಗಡಿಗೆ ಎಣ್ಣೆ ಬರುವ ದಿನ ನಸುಕಿನಲ್ಲೇ ಸರದಿ ಶುರುವಾಗುತ್ತಿತ್ತು. ನಿಲ್ಲಲು ಪುರುಸೊತ್ತಿಲ್ಲದವರು ತಮ್ಮ ಜಾಗದಲ್ಲಿ ಡಬ್ಬಿಯನ್ನೋ, ಹರಿದ ಚಪ್ಪಲಿಯನ್ನೋ, ಒಂದು ಕಲ್ಲನ್ನೋ ಇಟ್ಟು ಹೊಲಮನೆಯ ಕೆಲಸಕ್ಕೆ ಹೋಗುತ್ತಿದ್ದರು. ಸರದಿ ಸರಿದಂತೆ ಹಿಂದಿನವರು ಕಾಲಿನಿಂದ ಆ ಕಲ್ಲನ್ನೂ ಮುಂದಕ್ಕೆ ಸರಿಸುತ್ತಿದ್ದರು. ಕಲ್ಲಿನ ಯಜಮಾನರು ತಮ್ಮ ಸರದಿಯ ವೇಳೆಗೆ ಓಡಿ ಬರುತ್ತಿದ್ದರು. ಈ ವ್ಯವಸ್ಥೆಯ ಬಗ್ಗೆ ನಮ್ಮವರಿಗೆ ಎಲ್ಲಿಲ್ಲದ ಭಕ್ತಿ. “ಪೊಲೀಸ್ ಇಲ್ಲ, ಕಾಯ್ದೆ ಇಲ್ಲ. ಮನಷ್ಯಾ ಇಲ್ದಿದ್ರೂ ಅವನ ಕಲ್ಲಿಗೆ ಮರ್ಯಾದಿ ಐತಿ. ಇದರಕಿಂತ ದೊಡ್ಡ ಮೌಲ್ಯ ಯಾವುದ್ರಿ?”

ಅಂದು ಅವರ ಮುಂದೆ ಇದ್ದದ್ದು ಒಂದು ಕಲ್ಲು. ಹಿಂದೆ ಆರು ಜನ. ಕಲ್ಲಿನ ಸರದಿ ಬಂತು, ಯಜಮಾನರು ಬರಲಿಲ್ಲ. ಅಂಗಡಿಯವನು “ಮುಂದ ಬರ್ರಿ ಸರ್” ಎಂದ.

“ನನಗಿಂತ ಮೊದಲು ಇವರದು ಐತಿ” ಎಂದು ಇವರು ಕಲ್ಲನ್ನು ತೋರಿಸಿದರು.

“ಕಲ್ಲಿಗೆ ಎಣ್ಣಿ ಹೊಯ್ಯಲೇನ್ರಿ? ಹಣಮಪ್ಪ ಅಂತ ತಿಳಕೊಂಡ್ರ್ಯಾ?”

“ಕಲ್ಲಿಗಲ್ಲ, ಕಲ್ಲಿನ ಹಿಂದಿರೋ ಮನಷ್ಯಾನಿಗೆ. ಬರ್ತಾರ, ಸ್ವಲ್ಪ ತಡೀರಿ.”

“ಲೇ ಮಾಸ್ತರ, ಸರಿಯೋ ಮಾರಾಯ! ಕೂಸಿಗೆ ಹಾಲು ಕಾಸಬೇಕು” ಎಂದು ಹಿಂದಿನಿಂದ ಒಬ್ಬ ಹೆಂಗಸು ಬೈದಳು. ಇವರು ಕೈಯನ್ನು ಅಡ್ಡ ಹಿಡಿದು ಕಲ್ಲಿನ ಕಾವಲಿಗೆ ನಿಂತರು. ಅರ್ಧ ಗಂಟೆ ಕಳೆಯಿತು. ಅಂಗಡಿಯವನಿಗೆ ತಲೆ ಕೆಟ್ಟು, ಬೇರೆ ಹಳ್ಳಿಗೆ ಹಂಚಬೇಕೆಂದು ಹೇಳಿ ಪೀಪಾಯಿಯ ಬಾಯಿ ಮುಚ್ಚಿ ಬಾಗಿಲು ಹಾಕಿದ. ಹಿಂದಿದ್ದ ಆರು ಮನೆಗಳಿಗೆ ಎಣ್ಣೆಯಿಲ್ಲ. ಅಧ್ಯಾಪಕರ ಮನೆಗೂ ಇಲ್ಲ.

ಆ ಕಲ್ಲು ಯಾರದೆಂದು ಅವರು ಸಂಜೆಯವರೆಗೆ ಓಣಿಯ ಮನೆಮನೆಯಲ್ಲಿ ವಿಚಾರಿಸಿದರು. ಕೊನೆಗೆ ಅಂಗಡಿಯ ಎದುರು ಮನೆಯ ಮುದುಕ ಹೇಳಿದ: “ಯಾರದೂ ಅಲ್ಲೋ ಯಪ್ಪಾ! ಅದು ಮೊದಲಿಂದನೂ ಈ ಓಣ್ಯಾಗ ಬಿದ್ದೈತಿ. ಗಟಾರ ಕಟ್ಟಾಗ ಉಳದ ಕಲ್ಲು!”

ಊರೆಲ್ಲ ನಕ್ಕಿತು. ನಾನೂ ನಕ್ಕೆ, ಏಕೆ ಸುಳ್ಳು ಹೇಳಲಿ? ಆದರೆ ಮರುದಿನದಿಂದ ಅವರು ಕಚೇರಿಯ ಕಡೆಗೆ ಬರುವುದನ್ನೇ ಬಿಟ್ಟರು. ಪಾಠ ಮುಗಿಯಿತೆಂದರೆ ಕೊಡೆಯಿಲ್ಲದೆ ಎಲ್ಲಿಗೋ ಹೊರಟುಬಿಡುತ್ತಿದ್ದರು. ಒಂಬತ್ತು, ಹತ್ತು, ಹನ್ನೊಂದು ಎಂದು ದಿನಗಳು ಕಳೆದವು. ಹಾದಿಯಲ್ಲಿ ಹಿಡಿದು ನಿಲ್ಲಿಸಿ ಕೇಳಿದರೆ, “ಇನ್ನ ಎರಡು ಮನಿ ಉಳದಾವ್ರಿ” ಎನ್ನುತ್ತಿದ್ದರು. ಉತ್ತರಕ್ಕೂ ಮನೆಗಳಿಗೂ ಏನು ಸಂಬಂಧವೆಂದು ನನಗೆ ಅರ್ಥವಾಗಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಬಹಳ ಕಷ್ಟವಾಗುತ್ತಿದೆ. ಆದರೂ ಸತ್ಯವನ್ನು ಓದುಗರ ಅವಗಾಹನೆಗೆ ತರುವುದು ನನ್ನ ಕರ್ತವ್ಯ.

ಹನ್ನೆರಡನೆಯ ದಿನ ನನ್ನ ಧೈರ್ಯ ಮುಗಿಯಿತು. ಉತ್ತರ ಹೋಗದಿದ್ದರೆ ವಿಭಾಗ ಮುಚ್ಚುತ್ತದೆ. ಆ ಒಳ್ಳೆಯ ಮನುಷ್ಯನ ಸಂಸಾರ ಬೀದಿಗೆ ಬರುತ್ತದೆ. ಗಡುವು ಮೀರಿತೆಂದು ನನ್ನ ಮೇಲೂ ಆಪಾದನೆ ಬರುತ್ತದೆ. ಆಗ ನಾನಿನ್ನೂ ಪರೀಕ್ಷಾರ್ಥ ಅವಧಿಯ ನೌಕರ. ಮನೆಯಲ್ಲಿ ಎರಡು ತಿಂಗಳ ಹೆಣ್ಣುಕೂಸು. ಕಪಾಟನ್ನು ತೆರೆದು ಹಳೆಯ ಕಡತಗಳನ್ನು ಹೊರತೆಗೆದೆ. ಗ್ರಂಥಾಲಯದ ಶಂಕುಸ್ಥಾಪನೆಯ ಆಮಂತ್ರಣದಿಂದ ಒಂದು ವಾಕ್ಯ, ಸಹಕಾರ ಸಂಘವೊಂದರ ವಾರ್ಷಿಕ ವರದಿಯಿಂದ ಎರಡು ವಾಕ್ಯ, ಯಾರೋ ನಿವೃತ್ತರಾದಾಗ ಅರ್ಪಿಸಿದ ಮಾನಪತ್ರದಿಂದ ಒಂದು ವಾಕ್ಯ. ಹೀಗೆ ಹೊಲಿದು ಹೊಲಿದು ಒಂದು ಪುಟವನ್ನು ಸಿದ್ಧಪಡಿಸಿದೆ. ‘ವಿಶ್ಲೇಷಣಾತ್ಮಕ ಮನೋಧರ್ಮದ ಮೂಲಕ ಮೌಲ್ಯಾಧಾರಿತ ಸಮತೋಲನದ ಸರ್ವಾಂಗೀಣ ವಿಕಾಸ’ ಎಂಬ ಸಾಲು ಬಂದಾಗ ನನಗೆ ನನ್ನ ಮೇಲೆಯೇ ಗೌರವ ಮೂಡಿತು! ಕೆಳಗೆ ‘ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರು’ ಎಂದು ಹಾಕಿ, ಅವರ ಸಹಿಯನ್ನು ನನ್ನ ಕೈಯಿಂದ ಮಾಡಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಅಂದು ರಾತ್ರಿ ಎಷ್ಟೋ ದಿನಗಳ ನಂತರ ಹೊಟ್ಟೆತುಂಬ ಉಂಡೆ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಅಧ್ಯಾಪಕರು ಕಚೇರಿಗೆ ಬಂದರು. ಮುಖ ಬಿಸಿಲಿಗೆ ಕಂದಿತ್ತು. ಕೈಯಲ್ಲಿ ಒಂದು ಹಾಳೆ ಇತ್ತು.

“ತಗೋರಿ. ಇನ್ನ ಒಂದು ದಿನ ಐತಲ್ಲ? ಇವತ್ತು ಯಾರದರ ಕೈಲೆ ಕೊಟ್ಟು ಕಳಿಸಿದ್ರ ನಾಳಿಗೆ ಮುಟ್ಟತೈತಿ.”

ನಾನು ಹಾಳೆಗೆ ಕೈ ಚಾಚಲಿಲ್ಲ. “ಸರ್… ಹೋಗೇತ್ರಿ.”

“ಏನು ಹೋಗೇತಿ?”

“ಉತ್ತರ. ನಿಮ್ಮದು.”

ಕಚೇರಿಯ ಪ್ರತಿಯನ್ನು ಅವರ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದರು. ಸಹಿಯ ಮೇಲೆ ಒಂದು ಕ್ಷಣ ಕಣ್ಣು ನಿಂತಿತು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಭಾಷಾ ಚಂದ ಐತ್ರಿ. ಯಾರ ಬಗ್ಗೆ ಐತಿ ಇದು?” ಎಂದರು.

ನಾನು ಅಳುವುದೊಂದು ಬಾಕಿ. “ನಿಮ್ಮದನ್ನ ಇವತ್ತ ಕಳಸೋಣ್ರಿ. ಮೊದಲಿಂದು ತಪ್ಪಾಗಿ ಬಂದೈತಿ ಅಂತ ಬರಿಯೋಣ” ಎಂದೆ.

“ಎರಡು ಕಾಗದ ಹ್ವಾದ್ರ ಮೊದಲಿಂದು ಯಾರು ಬರದ್ರು ಅಂತ ಕೇಳ್ತಾರ. ಸಹಿ ಯಾರು ಮಾಡಿದ್ರು ಅಂತ ಕೇಳ್ತಾರ.” ಪ್ರತಿಯನ್ನು ನನಗೆ ಹಿಂದಿರುಗಿಸಿ, “ನಿಮ್ಮದು ಪ್ರೊಬೇಷನ್ ಇನ್ನ ಮುಗದಿಲ್ಲಲ್ಲ? ಕೂಸು ಹೆಂಗೈತಿ?” ಎಂದರು.

ಅವರ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ತರಗತಿಗೆ ಹೊರಟುಹೋದರು. ಅವರು ಹೋದ ಮೇಲೆ ಓದಿದೆ. ಒಂದು ಪುಟಕ್ಕೆ ಮೀರದಂತೆ ಎಂದು ಕೇಳಿದ್ದರೆ ಅವರು ಅರ್ಧ ಪುಟವನ್ನೂ ತುಂಬಿಸಿರಲಿಲ್ಲ. ಅದರ ನಕಲು ಹೀಗಿದೆ:

‘ನಮ್ಮ ವಿದ್ಯಾರ್ಥಿಯು ಪದವಿ ಪಡೆಯುವ ವೇಳೆಗೆ, ಯಾವುದೇ ಅಂಕಿಯನ್ನು ಬರೆಯುವ ಮೊದಲು ಆ ಅಂಕಿಯೊಳಗಿರುವ ಮನೆಯನ್ನು ಒಮ್ಮೆಯಾದರೂ ಹೋಗಿ ನೋಡಿ ಬಂದಿರಬೇಕು. ಕೊಳ್ಳುವವನ ಲಾಭವನ್ನು ಅಳೆದಷ್ಟೇ ಶ್ರದ್ಧೆಯಿಂದ ಕೊಡುವವಳ ಬುಟ್ಟಿಯನ್ನೂ ನೋಡಲು ಕಲಿತಿರಬೇಕು. ತಾನು ಒಳ್ಳೆಯದೆಂದು ನಂಬಿ ಮಾಡಿದ ಕೆಲಸದಿಂದ ಯಾರ ಮನೆಯಲ್ಲಿ ಒಲೆ ಹೊತ್ತಲಿಲ್ಲವೆಂದು ವಿಚಾರಿಸಿ, ಆ ಮನೆಯ ಬಾಗಿಲಿಗೆ ತಾನೇ ಹೋಗಿ ನಿಲ್ಲುವ ಧೈರ್ಯ ಅವನಲ್ಲಿರಬೇಕು. ನಾನು ಈಚೆಗೆ ಆರು ಮನೆಗಳಿಗೆ ಹೋಗಿ ನಿಂತೆ. ಬಹಳ ಕಷ್ಟದ ಕೆಲಸ. ಇದನ್ನು ಕಲಿಸಲು ಮೂರು ವರ್ಷ ಸಾಲದು, ಆರಂಭಿಸಬಹುದು.’

ಎರಡು ತಿಂಗಳ ನಂತರ ವಿಶ್ವವಿದ್ಯಾಲಯದಿಂದ ಇಬ್ಬರು ಮಹನೀಯರು ಪರಿಶೀಲನೆಗೆ ಬಂದರು. ಪ್ರಿನ್ಸಿಪಾಲರ ಕೊಠಡಿಯಲ್ಲಿ ಸಭೆ. ಕಾಗದಪತ್ರಗಳನ್ನು ಒದಗಿಸಲು ನಾನು ಬಾಗಿಲ ಬಳಿ ನಿಂತಿದ್ದೆ. ಹಿರಿಯರಾದ ಒಬ್ಬರು ನಾನು ಬರೆದ ಪುಟವನ್ನು ಕೈಯಲ್ಲಿ ಹಿಡಿದು, “ಇದನ್ನು ತಾವೇ ಬರೆದದ್ದೋ?” ಎಂದು ಕೇಳಿದರು.

ಅಧ್ಯಾಪಕರು ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. “ಹೌದ್ರಿ. ನಾನೇ ಬರದದ್ದು” ಎಂದರು.

“ನಾನು ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ್ದೇನೆ. ಈ ಮೂರನೇ ಸಾಲು ನನಗೆ ತಿಳಿಯಲಿಲ್ಲ. ಮೌಲ್ಯಾಧಾರಿತ ಸಮತೋಲನ ಎಂದರೆ ಏನು? ಒಂದು ಉದಾಹರಣೆ ಕೊಟ್ಟು ವಿವರಿಸಿ.”

ಆ ಹಿರಿಯರು ಕೆಟ್ಟವರಲ್ಲ. ನಿಜವಾಗಿಯೂ ತಿಳಿಯಬಯಸಿ ಕೇಳಿದ್ದರು. ಸಂತೆಯ ಹೂವಿನ ಬಗ್ಗೆ ಎರಡು ಗಂಟೆ ಮಾತನಾಡಬಲ್ಲ ಮನುಷ್ಯ ಆ ಸಾಲಿನ ಮುಂದೆ ನಿಂತರು. ಅದರಲ್ಲಿ ಏನಾದರೂ ಅರ್ಥವಿದ್ದೀತೇ ಎಂದು ಪ್ರಾಮಾಣಿಕವಾಗಿ ಹುಡುಕುತ್ತಿದ್ದರೆಂದು ಅವರ ತುಟಿಗಳು ಅಲ್ಲಾಡಿದ್ದರಿಂದ ನನಗೆ ತಿಳಿಯಿತು. ಇಲ್ಲದ ಅರ್ಥ ಎಲ್ಲಿಂದ ಸಿಗಬೇಕು? ನಾನು ಒಂದು ಹೆಜ್ಜೆ ಮುಂದಿಟ್ಟು ‘ಅದನ್ನು ಬರೆದವನು ನಾನು’ ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೆಜ್ಜೆ ಇಡಲಿಲ್ಲ. ಗೋಡೆಗೆ ಒರಗಿ ನಿಂತೆ. ಕೊನೆಗೆ ಅಧ್ಯಾಪಕರು, “ಗೊತ್ತಿಲ್ರಿ” ಎಂದರು.

‘ಸ್ವತಃ ವಿಭಾಗದ ಮುಖ್ಯಸ್ಥರಿಗೇ ವಿಭಾಗದ ಧ್ಯೇಯಗಳ ಅರಿವಿಲ್ಲದಿರುವುದು ಕಂಡುಬಂದಿರುವುದರಿಂದ’ ಎಂದು ಆರಂಭವಾಗುವ ಆದೇಶ ಬೇಸಿಗೆಯಲ್ಲಿ ಬಂತು. ಅದನ್ನು ಒಳಬಂದ ಪತ್ರಗಳ ವಹಿಯಲ್ಲಿ ದಾಖಲಿಸಿದವನೂ ನಾನೇ.

ಅಧ್ಯಾಪಕರಿಗೆ ಮೈಲಾರದ ಕಡೆಯ ಒಂದು ಶಾಲೆಯಲ್ಲಿ ಲೆಕ್ಕ ಕಲಿಸುವ ಕೆಲಸ ಸಿಕ್ಕಿತು. ಅರ್ಥಶಾಸ್ತ್ರವನ್ನು ಅವರು ಮತ್ತೆ ಬೋಧಿಸಲಿಲ್ಲವೆಂದು ಕೇಳಿದ್ದೇನೆ. ಅಲ್ಲಿಗೆ ಹೋಗಲು ಸೇವಾ ಪ್ರಮಾಣಪತ್ರ ಬೇಕಾಗಿತ್ತು. ಅದಕ್ಕಾಗಿ ಅವರು ಕೊನೆಯ ಸಲ ಕಚೇರಿಗೆ ಬಂದ ದಿನ ನಾನು ಬೆರಳಚ್ಚು ಯಂತ್ರದ ಮುಂದೆ ಕುಳಿತಿದ್ದೆ. ‘ನಡತೆ’ ಎಂಬ ಕಲಮಿನ ಎದುರಿಗೆ ಒಂದೇ ಪದಕ್ಕೆ ಜಾಗವಿತ್ತು. ‘ತೃಪ್ತಿಕರ’ ಎಂಬುದು ರೂಢಿಯ ಪದ. ಅದನ್ನು ಹೊಡೆಯುವಾಗ ಒತ್ತಕ್ಷರ ತಪ್ಪಿತು. ಅಳಿಸಲು ಹೋಗಿ ಕಾಗದ ತುಸು ಹರಿಯಿತು. ಅವರ ತಂದೆಯವರ ಹೆಸರಿನಲ್ಲಿಯೂ ಒಂದು ಅಕ್ಷರ ಬಿಟ್ಟುಹೋಯಿತು.

“ಸರ್, ಬ್ಯಾರೆ ಹಾಳಿ ಹಾಕ್ತೀನ್ರಿ. ಪೂರಾ ತಪ್ಪಾಗೇತಿ” ಎಂದೆ. “ಆ ಕಾಗದದ್ದೂ… ಸರ್, ನಾನು ಅವತ್ತು…”

ಅವರು ಹಾ‍ಳೆಯನ್ನು ಯಂತ್ರದಿಂದ ತಾವೇ ಮೆಲ್ಲಗೆ ಹೊರಕ್ಕೆ ಎಳೆದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು.

“ಆ ಕಾಗದದಾಗ ಒಂದೂ ತಪ್ಪಿದ್ದಿಲ್ಲ. ಅದಕ್ಕ ಅದು ಯಾರದು ಅಂತ ಗೊತ್ತಾಗಲಿಲ್ಲ. ಇದು ನೀವ ಬರದದ್ದು ಅಂತ ಗೊತ್ತಾಗತೈತಿ ನೋಡ್ರಿ” ಎಂದು ನಕ್ಕರು. ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿನಲ್ಲಿ ಇಟ್ಟುಕೊಂಡರು. “ಕೂಸಿಗೆ ಬಿಸಿಲು ತಾಗಸಬ್ಯಾಡ್ರಿ. ಈ ವರ್ಷ ಭಾಳ ಐತಿ” ಎಂದು ಹೇಳಿ ಮೆಟ್ಟಿಲು ಇಳಿದು ಹೋದರು.

ಅವರು ಕೊಟ್ಟ ಅರ್ಧ ಪುಟ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ತಲುಪಬೇಕಾದಲ್ಲಿಗೆ ತಲುಪಿಸದ ನಾನು, ತಡವಾಗಿಯಾದರೂ ತಮ್ಮ ಮುಂದೆ ಇರಿಸಿದ್ದೇನೆ. ಈ ಬರಹದ ಅಕ್ಷರದಲ್ಲಿ, ವಾಕ್ಯದಲ್ಲಿ, ನಾನು ನಡೆದುಕೊಂಡ ರೀತಿಯಲ್ಲಿ ತಪ್ಪುಗಳು ಕಂಡುಬಂದಲ್ಲಿ ಓದುಗ ಮಹನೀಯರು ಸಂಕೋಚಪಡದೆ ತಿದ್ದಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ. ತಿದ್ದಬೇಕಾಗಿದ್ದವರು ತಿದ್ದದೆ, ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿಬಿಟ್ಟರು.